ತೆಪ್ಪದ ಹುಟ್ಟು ಹಿಡಿದು ಲಂಕೆಯ ಕಡಲಿಗೆ

ಮೇಕೆ ನೀರಿಗೆ ಬಿದ್ದ ದಿವಸದಿಂದ ನನ್ನ ಹುಟ್ಟು ಗೋಡೆ ಸೇರಿತ್ತು. ಅದನ್ನ ಮತ್ತೆ ಹೊಳೆಗಿಳಿಸೋಕೆ ನಾನು ಸಮುದ್ರ ದಾಟಿ ಹೋಗಿಬರಬೇಕಾಯ್ತು.

ನಮ್ಮದು ಸತ್ತೇಗಾಲದ ಹತ್ತಿರ, ಕಾವೇರಿ ದಂಡೆ ಮೇಲಿನ ಹಳ್ಳಿ. ಹೊಳೆ ನಡುವೆ ಒಂದು ಗಡ್ಡೆ ಇದೆ. ನಮ್ಮವರ ತೆಂಗು, ಮೇವಿನ ಹೊಲ ಎಲ್ಲ ಆ ಗಡ್ಡೆ ಮೇಲೆ. ಅಲ್ಲಿಗೆ ಹೋಗಬೇಕಾದರೆ ತೆಪ್ಪವೇ ಗತಿ. ಬಿದಿರಿನ ದುಂಡು ಬುಟ್ಟಿ, ತಳಕ್ಕೆ ಟಾರು ಬಳಿದ ಹಾಳೆ, ನೀರು ಎಳೆಯೋಕೆ ಒಂದೇ ಒಂದು ಹುಟ್ಟು, ಅಷ್ಟೇ ತೆಪ್ಪ ಅಂದರೆ. ಮದುವೆಯಾಗಿ ಬಂದ ಮೂರನೇ ವರ್ಷಕ್ಕೆ ಹುಟ್ಟು ಹಿಡಿದವಳು ನಾನು. ಹತ್ತಿರ ಹತ್ತಿರ ಐವತ್ತು ವರ್ಷ ಊರವರನ್ನೆಲ್ಲ ದಾಟಿಸಿದ್ದೀನಿ. ಬಸುರಿಯರನ್ನು, ಗೊಬ್ಬರದ ಮೂಟೆಯನ್ನು, ಒಂದು ಸಲ ಜಗಳ ಆಡ್ತಿದ್ದ ಗಂಡ ಹೆಂಡಿರನ್ನು. ಒಂದು ತೆಂಗಿನಕಾಯಿ ಕೂಡ ನೀರಿಗೆ ಬಿದ್ದಿರಲಿಲ್ಲ.

ಹೋದ ವರ್ಷ ನನ್ನ ನಾದಿನಿ ಚಿಕ್ಕತಾಯಮ್ಮನನ್ನೂ ಅವಳ ಮೇಕೆಯನ್ನೂ ಕೂರಿಸಿಕೊಂಡು ಬರ್ತಿದ್ದೆ. ನಡುಹೊಳೆಯಲ್ಲಿ ತೆಪ್ಪ ಗಿರಕಿ ಹೊಡೀತು. ಮೇಕೆ ನೀರಿಗೆ ಹೋಯ್ತು. ಈಜಿ ದಡ ಸೇರಿ, ಮೈ ಒದರಿಕೊಂಡು, ಅಲ್ಲೇ ಹುಲ್ಲು ಮೇಯೋಕೆ ನಿಂತುಕೊಳ್ತು. ಅದಕ್ಕೇನೂ ಆಗಲಿಲ್ಲ. ಆಗಿದ್ದೆಲ್ಲ ನನಗೆ. ಚಿಕ್ಕತಾಯಮ್ಮ ಬಾಯಿ ಬಡ್ಕೊಂಡಿದ್ದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

"ಅತ್ತಿಗಮ್ಮಂಗೆ ಕೈ ಓಯ್ತು ಕಣ್ರಪ್ಪೋ! ಇನ್ನು ಇವಳ ತೆಪ್ಪ ಅತ್ತುದ್ರೆ ಎಣ ಆಯ್ತೀವಿ!"

ನನ್ನ ಮಗ ಮಾದೇವ ಏನೂ ಕೂಗಾಡಲಿಲ್ಲ. "ಅವ್ವಾ, ಸಾಕು ಬುಡು," ಅಂದ. ಹುಟ್ಟು ಇಸ್ಕೊಂಡ, ನಡುಮನೆ ಗೋಡೆಗೆ ಒಂದು ಮೊಳೆ ಹೊಡೆದ, ನೇತು ಹಾಕಿದ. ಅಮಾವಾಸ್ಯೆ ಅಮಾವಾಸ್ಯೆಗೆ ಸೊಸೆ ಅದಕ್ಕೂ ಕುಂಕುಮ ಇಡೋಕೆ ಶುರು ಮಾಡಿದಳು. ಸತ್ತ ಮಾವನ ಫೋಟೊ ಪಕ್ಕದಲ್ಲೇ ನೇತಾಡ್ತಿತ್ತು, ಅವಳದೇನು ತಪ್ಪು.

ಕೈ ಹೋಗಿದ್ದರೆ ಹೋಗಲಿ, ಒಪ್ಪಿಕೊಂಡು ಸುಮ್ಮನಾಗ್ತಿದ್ದೆ. ಆದರೆ ಅದೇ ಕೈಯಲ್ಲಿ ಹತ್ತು ಜನಕ್ಕೆ ಮುದ್ದೆ ತೊಳಸ್ತೀನಿ, ಎರಡು ಬಿಂದಿಗೆ ಹೊರ್ತೀನಿ. ಇನ್ನೊಂದು ಕಡೆ ಅನುಮಾನ. ತೆಪ್ಪ ಸುಮ್ಮಸುಮ್ಮನೆ ಸುತ್ತಲ್ಲ. ಮೇಕೆ ಬೀಳೋಕೆ ಮುಂಚೆ ಅದೇ ತಿಂಗಳಲ್ಲಿ ಇನ್ನೂ ಎರಡು ಸಲ ಸುತ್ತಿತ್ತು. ಅದನ್ನ ನಾನು ಯಾರಿಗೂ ಹೇಳಿರಲಿಲ್ಲ. ಕೈ ಇದೆಯೋ ಹೋಗಿದೆಯೋ ಅನ್ನೋದು ನನಗೇ ಗೊತ್ತಾಗಬೇಕಿತ್ತು.

ಆಗಲೇ ಸೆಲ್ವಿ ಫೋನ್ ಮಾಡಿದ್ದು. ಸೆಲ್ವಿ ಶ್ರೀಲಂಕಾದವಳು, ತಮಿಳಿನವಳು. ಎರಡು ವರ್ಷದ ಹಿಂದೆ ಸೇಲಂ ಕಡೆಯ ನೆಂಟರ ಜೊತೆ ಮಾದಪ್ಪನ ಬೆಟ್ಟಕ್ಕೆ ಬಂದವಳು ನನ್ನ ತೆಪ್ಪ ಹತ್ತಿದ್ದಳು. ನನ್ನ ತವರು ಹನೂರಿನ ಆಚೆ, ಗಡಿ ಹತ್ತಿರ, ಅದಕ್ಕೇ ನನಗೆ ತಮಿಳು ಬರುತ್ತೆ. ಅವಳ ಊರಲ್ಲಿ ಸಮುದ್ರದ ದಂಡೆ ಮೇಲೆ ಅವಳದೂ ನಾಲ್ಕು ಕಯಾಕ್ ಇವೆಯಂತೆ. ಕಯಾಕ್ ಅಂದರೆ ಒಬ್ಬರು ಕೂತು ಹೋಗೋ ಉದ್ದನೆ ದೋಣಿ. ಬಂದವರನ್ನು ಅದರಲ್ಲಿ ಕಳಿಸೋದೇ ಅವಳ ಜೀವನ. ನೀರಿನವಳು ನೀರಿನವಳ ಹತ್ತಿರ ಕಾಸು ಇಸ್ಕೊಂಡರೆ ಗಂಗಮ್ಮ ಮೆಚ್ಚಲ್ಲ ಅಂತ ಅವತ್ತು ನಾನು ಅವಳ ಹತ್ತಿರ ಏನೂ ತಗೊಂಡಿರಲಿಲ್ಲ.

"ಇನ್ನೂ ತೆಪ್ಪ ಹಾಕ್ತೀರಾ ಆಚ್ಚಿ?" ಅಂತ ಕೇಳಿದಳು. ಅವರಲ್ಲಿ ಅಜ್ಜಿಗೆ ಆಚ್ಚಿ ಅಂತಾರೆ. ಮೇಕೆ ಕತೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ಇಲ್ಲಿಗೆ ಬನ್ನಿ. ನಮ್ಮ ಕಡಲಲ್ಲಿ ಬೇಡ ಅನ್ನೋಕೆ ನಿಮ್ಮ ಮಗ ಇರಲ್ಲ."

ಮಾದೇವನೂ ನಕ್ಕ. "ಓಗವ್ವ, ಓಗು. ಸಮುದ್ರದಲ್ಲಿ ಒಬ್ಬಳೇ ಓಗಿ, ಬೀಳ್ದೆ ಬಂದ್ಬುಟ್ರೆ ಉಟ್ಟು ನಿಂದೇ. ಬಿದ್ರೆ ಅದರ ಸುದ್ದಿ ಎತ್ತಬಾರದು, ಆಯ್ತಾ?"

ಹೋಗಲ್ಲ ಅಂದ್ಕೊಂಡು ಅಂದ. ನಾನು "ಆಯ್ತು ಕಣ್ಲಾ" ಅಂದು ಎದ್ದು ಗೋಡೆಯಿಂದ ಹುಟ್ಟು ಇಳಿಸಿಕೊಂಡೆ.

ಬೆಂಗಳೂರು, ವಿಮಾನ ಹತ್ತೋ ಜಾಗ

ಜೊತೆಗೆ ಬಂದವಳು ಮೊಮ್ಮಗಳು ಶೋಭ, ಮಾದೇವನ ಮಗಳು. ಕಾಮಗೆರೆಯಲ್ಲಿ ನರ್ಸು. ಹೋದ ವರ್ಷ ಯುಗಾದಿಗೆ ನನ್ನ ಬಾಯಲ್ಲಿ ಹುಣ್ಣು ನೋಡಿ, ಹೊಗೆಸೊಪ್ಪು, ಎಲೆ, ಅಡಿಕೆ ಮೂರನ್ನೂ ಒಂದೇ ದಿನ ಬಿಡಿಸಿದ ಪುಣ್ಯಾತ್ಗಿತ್ತಿ ಇವಳೇ. ರಜೆ ಹಾಕಿ, ಕಾಗದ ಪತ್ರ ಎಲ್ಲ ಮಾಡಿಸಿ, "ಅಜ್ಜಿ, ನೀನು ಏನೂ ಮಾತಾಡ್ಬೇಡ, ನಾನು ಮಾತಾಡ್ತೀನಿ," ಅಂತ ಹೇಳಿಕೊಟ್ಟು ಕರ್ಕೊಂಡು ಹೋದಳು.

ಚೀಲ ತೂಗೋ ಹುಡುಗಿ ನನ್ನ ಕೈ ನೋಡಿದಳು.

"ಏನಮ್ಮ ಇದು?"

"ಹುಟ್ಟು."

"ಯಾತಕ್ಕೆ?"

"ನೀರಿಗೆ."

"ವಿಮಾನದಲ್ಲಿ ಇದೆಲ್ಲ ಯಾಕಮ್ಮ?"

"ನಿಮ್ಮ ವಿಮಾನ ಓಗೋದು ಸಮುದ್ರದ ಮೇಲೆ ತಾನೆ? ಬಿದ್ರೆ ನೀವೇ ಬಂದು ಕೇಳ್ತೀರ."

ಶೋಭ ಮುಖ ಮುಚ್ಚಿಕೊಂಡಳು. ಹುಡುಗಿ ನಗ್ತಾ ನಗ್ತಾ ಇನ್ನೊಬ್ಬರನ್ನು ಕರೆದಳು, ಅವರು ಮತ್ತೊಬ್ಬರನ್ನು ಕರೆದರು. ಅಲ್ಲಿ ಹುಟ್ಟು ಸಿಗಲ್ವಾ ಅಂತ ಒಬ್ಬರು ಕೇಳಿದರು. ಸಿಗಬಹುದು. ಆದರೆ ತೆಪ್ಪದವರು ಒಬ್ಬರ ಹುಟ್ಟು ಇನ್ನೊಬ್ಬರು ಹಿಡಿಯಲ್ಲ. ಊಟದ ತಟ್ಟೆ ಇದ್ದ ಹಾಗೆ ಅದು. ಹಿಡಿ ಜಾಗದಲ್ಲಿ ನನ್ನ ಹೆಬ್ಬೆರಳು ಕೂರೋವಷ್ಟು ತಗ್ಗು ಬಿದ್ದಿದೆ, ಅಲ್ಲಿ ಬೇರೆಯವರ ಬೆರಳು ಕೂರಲ್ಲ. ಕೊನೆಗೆ ಹೆಣಕ್ಕೆ ಸುತ್ತಿದ ಹಾಗೆ ಪ್ಲಾಸ್ಟಿಕ್ ಸುತ್ತಿ, ಬೇರೆ ಬಾಗಿಲಿಂದ ಕಳಿಸಿಕೊಟ್ಟರು.

ಅಲ್ಲಿಗೆ ಮುಗೀತು ಅಂದ್ಕೊಂಡೆ. ಮುಂದೆ ಮೈ ತಡವೋ ಹೆಂಗಸು ನನ್ನ ಸೊಂಟದ ಚೀಲ ಬಿಚ್ಚಿಸಿದಳು. ಎಲೆ ಅಡಿಕೆ ಬಿಟ್ಟರೂ ಚೀಲ ಬಿಟ್ಟಿರಲಿಲ್ಲ. ಒಳಗೆ ಅಡಕತ್ತರಿ ಒಂದೇ ಇತ್ತು, ನಮ್ಮತ್ತೆಯದು. "ಇದು ಬಿಡಲ್ಲ ಅಮ್ಮ," ಅಂದಳು. "ನನ್ನ ಮೊಮ್ಮಗಳೂ ಬಿಟ್ಟಿಲ್ಲ, ಮಡಿಕ್ಕೊ," ಅಂದು ಕೊಟ್ಟೆ. ಬರಿ ಚೀಲ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ವಿಮಾನದ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ನಮ್ಮೂರಿಂದ ಮಾದಪ್ಪನ ಬೆಟ್ಟಕ್ಕೆ ಬಸ್ಸಲ್ಲಿ ಹೋಗೋ ಹೊತ್ತೂ ಹಿಡೀಲಿಲ್ಲ. ತಿರುವೂ ಇಲ್ಲ, ವಾಂತಿಯೂ ಇಲ್ಲ. ಕೆಳಗೆ ನೋಡಿದರೆ ಬರೀ ನೀರು. ಎದುರು ದಡ ಇಲ್ಲದ ನೀರು ನಾನು ಮೊದಲು ಕಂಡಿದ್ದು ಅವತ್ತೇ. ದಡ ಇಲ್ಲ ಅಂದಮೇಲೆ ಇಲ್ಲಿ ತೆಪ್ಪದವರು ಏನು ಮಾಡ್ತಾರೆ ಅಂತ ಯೋಚನೆ ಬಂತು.

ಕೊಲಂಬೊದಿಂದ ಬಸ್ಸು

ಲಂಕೆಯವರು ಬಸ್ಸು ಹತ್ತುವಾಗ ತಳ್ಳಾಡಲ್ಲ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಲ್ಲ. ನನಗೆ ಇದು ಗೊತ್ತಿಲ್ಲದೆ, ಮೊಣಕೈ ಆಡಿಸಿಕೊಂಡು ಎಲ್ಲರಿಗಿಂತ ಮುಂಚೆ ಹತ್ತಿ, ಡ್ರೈವರ್ ಹಿಂದಿನ ಸೀಟು ಹಿಡಿದೆ. ಗೆದ್ದೆ ಅಂತ ಶೋಭಳ ಕಡೆ ನೋಡಿದರೆ ಅವಳು ಇನ್ನೂ ಕೆಳಗೆ, ಸಾಲಲ್ಲಿ ನಿಂತಿದ್ದಳು.

ಸ್ವಲ್ಪ ದೂರ ಹೋದಮೇಲೆ ಕಾವಿ ಉಟ್ಟ ಒಬ್ಬರು ಬುದ್ಧನ ಸ್ವಾಮಿಗಳು ಹತ್ತಿದರು. ಬಸ್ಸೆಲ್ಲ ನನ್ನನ್ನೇ ನೋಡ್ತು. ಕಂಡಕ್ಟರ್ ಏನೋ ಅಂದ. ಪಕ್ಕದವರು ತಮಿಳಲ್ಲಿ ಬಿಡಿಸಿ ಹೇಳಿದರು, ಅದು ಸ್ವಾಮಿಗಳ ಸೀಟಂತೆ, ಹೆಂಗಸರು ಪಕ್ಕ ಕೂರೋ ಹಾಗೂ ಇಲ್ಲವಂತೆ. ನಮ್ಮ ಕಡೆ ಮಾದಪ್ಪನ ಪೂಜೆ ಮಾಡೋ ತಂಬಡಿಗಳು ಕೂಡ ಕಂಬಿ ಹಿಡ್ಕೊಂಡು ನಿಂತೇ ಬರ್ತಾರೆ, ಕೂತ ಮುದುಕಿಯನ್ನ ಯಾರೂ ಎಬ್ಬಿಸಲ್ಲ. ಆದರೆ ಅವರ ಊರು, ಅವರ ಬಸ್ಸು. ಎದ್ದೆ. ಎದ್ದ ತಕ್ಷಣ ಮೂರು ಜನ ಒಟ್ಟಿಗೆ ಎದ್ದು ತಮ್ಮ ಸೀಟು ಕೊಡೋಕೆ ಬಂದರು. ಕಿತ್ತುಕೊಂಡ ಸೀಟಿಗಿಂತ ಕೊಟ್ಟ ಸೀಟು ಮೆತ್ತಗಿತ್ತು.

ತಿರುಕೋಣಮಲೆ, ಸೆಲ್ವಿ ಮನೆ

ಸೆಲ್ವಿ ಮನೆ ಪಟ್ಟಣದಿಂದ ಆಚೆ, ಮರಳ ಮೇಲೆ. ಅಡುಗೆಮನೆ ಬಾಗಿಲು ತೆಗೆದರೆ ಸಮುದ್ರ. ಬೆಳಿಗ್ಗೆ ತಿಂಡಿಗೆ ಒತ್ತುಶಾವಿಗೆ ಬಡಿಸಿದಳು. ನಮ್ಮಲ್ಲಿ ಅಳಿಯ ಬಂದರೆ ಮಾಡೋದು ಅದು, ಒರಳಲ್ಲಿ ಒತ್ತಿ ಒತ್ತಿ ತೋಳು ಬಿದ್ದುಹೋಗುತ್ತೆ. ಇವರಿಗೆ ದಿನಾ ಅದೇ, ಅದೂ ಮೀನು ಸಾರಿನ ಜೊತೆ. ನಾನು ತಿಂದೆ. ಮೊದಲ ದಿನ ಎಂಟು, ಎರಡನೇ ದಿನ ಹನ್ನೆರಡು.

ಚಹಾಗೆ ಹಾಲೂ ಹಾಕಲ್ಲ, ಸಕ್ಕರೆನೂ ಹಾಕಲ್ಲ. ಕಪ್ಪು ಚಹಾ ಒಂದು ಕೈಯಲ್ಲಿ, ತಾಳೆಬೆಲ್ಲದ ತುಂಡು ಇನ್ನೊಂದು ಕೈಯಲ್ಲಿ. ಬೆಲ್ಲ ಕಚ್ಚೋದು, ಚಹಾ ಕುಡಿಯೋದು. ನಾನು ಮೊದಲ ದಿನ ಬೆಲ್ಲವನ್ನೆಲ್ಲ ಲೋಟಕ್ಕೇ ಹಾಕಿ ಬೆರಳಲ್ಲಿ ಕಲಸಿದೆ. ಮನೆಮಂದಿಯೆಲ್ಲ ಸುಮ್ಮನೆ ನೋಡಿದರು. ಒಳ್ಳೆ ಜನ, ಇನ್ನೊಂದು ತುಂಡು ಬೆಲ್ಲ ಕೈಗೆ ಕೊಟ್ಟರು.

ಪಕ್ಕದ ಗುಡಿಸಲಲ್ಲಿ ರಾಸಯ್ಯ ಅಂತ ಒಬ್ಬ ಮೀನು ಹಿಡಿಯೋ ಮುದುಕ. ನನ್ನ ಓರಗೆಯವನೇ. ಬಲೆ ಹೊಲೀತಾ ಕೂತಿರೋನು, ಬಾಯಿಗೆ ಬಿಡುವಿಲ್ಲ. ನಾನು ಅಂಗಳಕ್ಕೆ ಬಂದರೆ ಸಾಕು, ಗಾಳಿ ಸುದ್ದಿ, ಮೀನಿನ ಸುದ್ದಿ, ಮೂರು ಅಳಿಯಂದಿರ ಸುದ್ದಿ. ಅವರ ತಮಿಳು ಹಾಡಿದ ಹಾಗೆ ಎಳೆದು ಎಳೆದು ಹೋಗುತ್ತೆ. ಮಾತಿಗೆ ಮಾತು ಕೊಡೋನು ಸಿಕ್ಕಿದ ಅಂತ ನನಗೂ ಖುಷಿ. ಒಂದು ಮಧ್ಯಾಹ್ನ ಪೂರ್ತಿ ಇಬ್ಬರೂ ಮಾತಾಡಿದ್ವಿ. ಶೋಭ ಕಿವಿಗೆ ಹತ್ತಿ ಇಟ್ಟುಕೊಂಡಳು.

ಗುಡ್ಡದ ಮೇಲಿನ ಶಿವನ ಗುಡಿಗೂ ಹೋದ್ವಿ. ಕೆಳಗೆ ನೋಡಿದರೆ ತಲೆ ತಿರುಗೋವಷ್ಟು ಎತ್ತರ, ಬುಡದಲ್ಲಿ ಸಮುದ್ರ ಅಪ್ಪಳಿಸ್ತಾ ಇರುತ್ತೆ. ದಾರಿ ತುಂಬಾ ಚುಕ್ಕೆ ಜಿಂಕೆ, ದನದ ಹಾಗೆ ಅಡ್ಡಾಡ್ತವೆ. ನಮ್ಮ ಕಡೆ ಕಾಡಂಚಲ್ಲಿ ಜಿಂಕೆ ಅಂದರೆ ಬಾಲ ಮಾತ್ರ ಕಾಣ್ಸೋದು. ಇಲ್ಲಿ ಒಂದು ಜಿಂಕೆ ಬಂದು ನನ್ನ ಪೂಜೆ ತಟ್ಟೆಯಿಂದ ಬಾಳೆಹಣ್ಣು, ಹೂವು, ಕೊನೆಗೆ ಊದುಬತ್ತಿ ಪೊಟ್ಟಣ ಕೂಡ ತಿಂತು. ಕಾಯಿ ಒಂದು ಬಿಟ್ಟಿತ್ತು. ಅದನ್ನೇ ಒಡೆಸಿ, "ಕೈ ನೋಡ್ಕೊಳಪ್ಪ," ಅಂದು ಬಂದೆ.

ಮೊದಲ ದಿನ ನೀರಿನಲ್ಲಿ

ಕಯಾಕ್ ಹಳದಿ ಬಣ್ಣದ ಪ್ಲಾಸ್ಟಿಕ್ ದೋಣಿ. ಬಾಳೆದಿಂಡಿನಷ್ಟು ಸಪೂರ. ನಾನು ಭತ್ತ ನಾಟಿಗೆ ಹೋಗೋವಾಗ ಕಟ್ಟೋ ಹಾಗೆ ಸೀರೆಗೆ ಕಚ್ಚೆ ಹಾಕಿದೆ. ಅದರ ಮೇಲೆ ಸೆಲ್ವಿ ಲೈಫ್ ಜಾಕೆಟ್ ಬಿಗಿದಳು. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಣ್ಣು ಉರೀತು. ಸಮುದ್ರದ ಗಂಗಮ್ಮನಿಗೆ ದೂರದಿಂದಲೇ ಕೈ ಮುಗಿಯಬೇಕು ಅಂತ ಅವತ್ತು ಕಲಿತೆ.

ತೆಪ್ಪದಲ್ಲಿ ನಾವು ಮುಂದಿನ ಅಂಚಿಗೆ ಮಂಡಿಯೂರಿ, ಎದುರಿನ ನೀರನ್ನು ಹುಟ್ಟಲ್ಲಿ ನಮ್ಮ ಕಡೆ ಎಳ್ಕೋತೀವಿ. ಐವತ್ತು ವರ್ಷದ ಅಭ್ಯಾಸ. ಕಯಾಕಲ್ಲೂ ಹಾಗೇ ಮುಂದಕ್ಕೆ ಹೋಗಿ ಮಂಡಿಯೂರಿದೆ. ಮೂತಿ ಕೆಳಗೆ ಹೋಯ್ತು, ಹಿಂಭಾಗ ಮೇಲೆದ್ದಿತು, ನಾನು ತಲೆಕೆಳಗಾಗಿ ಬಿದ್ದೆ. ಮೊಣಕಾಲುದ್ದ ನೀರು. ಆದರೂ ಒಂದು ಚೊಂಬು ಕುಡಿದಿರಬೇಕು. ಉಪ್ಪು ಅಂದರೆ ಉಪ್ಪಿನಕಾಯಿ ಭರಣಿ ತಳದ ಉಪ್ಪು.

"ಅಜ್ಜಿ, ಅಪ್ಪಂಗೆ ಏಳ್ಳಾ?" ಅಂತ ಶೋಭ ದಂಡೆಯಿಂದ ಕೂಗಿದಳು, ಫೋನ್ ಹಿಡ್ಕೊಂಡು.

"ಕಲಿಯೋವಾಗ ಬಿದ್ದಿದ್ದು ಲೆಕ್ಕಕ್ಕಿಲ್ಲ ಕಣೆ! ಒಬ್ಬಳೇ ಓಗೋವಾಗ ಬೀಳಬಾರದು ಅಂತ ತಾನೆ ಅಂದಿದ್ದು?"

ಇನ್ನೂ ಎರಡು ಸಲ ಬಿದ್ದೆ. ಸೆಲ್ವಿ ತಾಳ್ಮೆಯವಳು. ನಡುವೆ ಕೂರಿಸಿ, ಕಾಲು ಮುಂದಕ್ಕೆ ಚಾಚಿಸಿ, ತನ್ನ ಹುಟ್ಟು ಕೊಟ್ಟಳು. ಒಂದು ಕೋಲಿಗೆ ಎರಡು ಕಡೆಗೂ ಅಗಲದ ಹಲಗೆ. ಬಲಕ್ಕೆ ಒಂದು ಸಲ, ಎಡಕ್ಕೆ ಒಂದು ಸಲ. ಇನ್ನೊಬ್ಬರ ಹುಟ್ಟು ಹಿಡಿಯಲ್ಲ ಅಂತ ಹಟ ಮಾಡಿದೆ.

"ಆಚ್ಚಿ, ನಿಮ್ಮದನ್ನ ಹಿಂದೆ ಕಟ್ಟಿಕೊಳ್ಳಿ. ಅದೂ ಬರಲಿ ಜೊತೆಗೆ," ಅಂದಳು ಸೆಲ್ವಿ.

ತಪ್ಪಾಯ್ತು ಅಂತ ನನ್ನ ಹುಟ್ಟಿಗೆ ಕೈ ಮುಗಿದು ಹಿಂದಕ್ಕೆ ಕಟ್ಟಿದೆ. ಆಮೇಲೆ ನೋಡಿ, ಕಯಾಕ್ ಹೊರಟಿತು! ತೆಪ್ಪಕ್ಕೆ ಮೂತಿಯಿಲ್ಲ, ಬೆನ್ನಿಲ್ಲ. ಎತ್ತ ಬೇಕಾದರೂ ಹೋಗುತ್ತೆ, ಮನಸ್ಸಾದರೆ ಇದ್ದಲ್ಲೇ ಸುತ್ತುತ್ತೆ. ಇದಕ್ಕೆ ಮೂತಿ ಇದೆ. ಮೂತಿ ಎತ್ತಲೋ ಅತ್ತ. ಒಳ್ಳೆ ಎತ್ತಿನ ಗುಣ. ಸಂಜೆಯವರೆಗೂ ಮೇಲೆ ಬರಲಿಲ್ಲ ನಾನು. ಸೆಲ್ವಿ ಊಟಕ್ಕೆ ಕೂಗಿ ಕೂಗಿ ಸುಸ್ತಾದಳು.

ಒಬ್ಬಳೇ, ಬಂಡೆ ದಾಟಿ

ನಾಲ್ಕನೇ ದಿನ ಬೆಳಿಗ್ಗೆ ಹೊರಟೆ. ಸೆಲ್ವಿ ಮನೆ ಮುಂದಿನಿಂದ ದಂಡೆ ಗುಂಟ ಹೋಗಿ, ಕರಿ ಬಂಡೆಗಳ ಒಂದು ಮೂಲೆ ಸುತ್ತಿ, ಆಚೆಯ ಮರಳು ದಂಡೆ ಸೇರಬೇಕು. ಒಂದೂವರೆ ಎರಡು ಗಂಟೆ ದಾರಿ. ಶೋಭನೂ ಸೆಲ್ವಿನೂ ಸ್ಕೂಟರಲ್ಲಿ ರಸ್ತೆ ಮೇಲೆ ಬಂದು ಆ ದಂಡೆಯಲ್ಲಿ ಕಾಯ್ತಾರೆ.

"ದಡದಿಂದ ಕಲ್ಲು ಎಸೆದರೆ ಬೀಳೋವಷ್ಟು ದೂರದಲ್ಲೇ ಹೋಗಬೇಕು," ಅಂದಳು ಸೆಲ್ವಿ. "ಬಿಸಿಲು ಏರಿದ ಮೇಲೆ ಕಚ್ಚಾನ್ ಗಾಳಿ ಬರುತ್ತೆ. ನೆಲದಿಂದ ಸಮುದ್ರದ ಕಡೆಗೆ ತಳ್ಳುತ್ತೆ. ಅದು ಜೋರಾಗೋ ಮುಂಚೆ ಸೇರಬೇಕು ಆಚ್ಚಿ."

ಶೋಭ ನನ್ನ ಕೈ ಹಿಡಿದು ನಾಡಿ ನೋಡಿದಳು. "ಅಜ್ಜಿ, ಭಯ ಆಯ್ತಾ ಅದಾ?"

"ಬುಡೆ ಕೈಯ್ಯ, ಒತ್ತಾಯ್ತು."

ಭಯ ಇತ್ತು. ಕೈ ಬಿಡಿಸಿಕೊಂಡು ಕಯಾಕ್ ಹತ್ತಿದೆ.

ಸೂರ್ಯ ಅಲ್ಲಿ ನೀರೊಳಗಿಂದ ಏಳ್ತಾನೆ. ಅರ್ಧ ಗಂಟೆ ಹೋದಮೇಲೆ ಹಿಂದಿರುಗಿ ನೋಡಿದೆ, ಮನೆ ಕಾಣಲಿಲ್ಲ. ಮುಂದೆ ಬಂಡೆ. ಎಡಕ್ಕೆ ದಡ, ಬಲಕ್ಕೆ ಏನೂ ಇಲ್ಲ. ನೀರು ಮೊದಲು ಹಸಿರು, ಆಮೇಲೆ ನವಿಲಿನ ಕತ್ತಿನ ಬಣ್ಣ. ತಳದ ಮರಳು ಕಾಣ್ಸುತ್ತೆ, ನನ್ನ ನೆರಳು ಅದರ ಮೇಲೆ ಎಡಗಡೆ ನನ್ನ ಜೊತೆಗೇ ಓಡ್ತಿತ್ತು. ದಡದಲ್ಲಿ ಹದಿನೈದು ಇಪ್ಪತ್ತು ಜನ ಉದ್ದನೆ ಬಲೆ ಎಳೀತಿದ್ದರು, ಬಾವಿಗೆ ಬಿದ್ದ ಎಮ್ಮೆಯನ್ನು ಎಳೆಯೋ ಹಾಗೆ ಐಸಾ ಹಾಕಿಕೊಂಡು. ಅವರಲ್ಲೊಬ್ಬ ಹಗ್ಗ ಬಿಟ್ಟು ನನ್ನನ್ನೇ ನೋಡ್ತಾ ನಿಂತ, ಪಕ್ಕದವನು ಬೆನ್ನಿಗೆ ಗುದ್ದಿದ. ಇನ್ನೊಂದು ಕಡೆ ಆಮೆ ತಲೆ ಎತ್ತಿ, ನನ್ನ ಕಚ್ಚೆ ನೋಡಿ ಮುಳುಗಿತು.

ಐವತ್ತು ವರ್ಷ ನೀರ ಮೇಲಿದ್ದವಳು ಒಂದು ದಿನವೂ ಒಬ್ಬಳೇ ಹೋದವಳಲ್ಲ. ಯಾವಾಗಲೂ ಯಾರನ್ನೋ ದಾಟಿಸೋಕೆ ಹೋಗ್ತಿದ್ದೆ. ಇವತ್ತು ಕೂತವಳೂ ನಾನೇ, ದಾಟಿಸೋಳೂ ನಾನೇ. ನಡುವೆ ನಿಲ್ಲಬೇಕು ಅನ್ನಿಸ್ತು, ನಿಂತೆ. ಹೋಗಬೇಕು ಅನ್ನಿಸ್ತು, ಹೋದೆ. ಯಾರೂ "ಬೇಗ ಬೇಗ, ಆಲು ಕರೀಬೇಕು" ಅನ್ನಲಿಲ್ಲ. ಬಲಕ್ಕೆ, ಎಡಕ್ಕೆ, ಬಲಕ್ಕೆ, ಎಡಕ್ಕೆ. ಕಯಾಕ್ ಗೆರೆ ಎ‍ಳೆದ ಹಾಗೆ ಹೋಯ್ತು. ಕೈ ಹೋಗಿಲ್ಲ ಅಂತ ಒಳಗೆ ಜೋರಾಗಿ ನಗ್ತಿದ್ದೆ.

ಬಂಡೆ ಮೂಲೆ ಸುತ್ತೋವಾಗ ಆಚೆ ಕಡೆ ಒಂದು ಸಣ್ಣ ದೋಣಿ ಕಾಣ್ಸಿತು. ನೋಡ್ತೀನಿ, ರಾಸಯ್ಯ! ಬಲೆ ಬಿಟ್ಟುಕೊಂಡು ಕೂತಿದ್ದ.

"ಏನ್ ರಾಸಯ್ಯ! ಇಲ್ಲೀವರೆಗೂ ಒಬ್ಬಳೇ ಬಂದ್ಬುಟ್ಟೆ ನೋಡು!" ಅಂತ ಕೂಗಿದೆ.

ಉತ್ತರ ಇಲ್ಲ. ಕೈ ಒಂದು ಮೇಲಕ್ಕೆತ್ತಿ ಇಳಿಸಿದ. ನಿನ್ನೆ ಮಧ್ಯಾಹ್ನವೆಲ್ಲ ಕಿವಿ ತಿಂದವನು ಇವತ್ತು ಗುರುತೇ ಇಲ್ಲದ ಹಾಗೆ ಕೂತಿದ್ದಾನಲ್ಲ ಅಂತ ಕೋಪ ಬಂತು. ಅವನ ಕಡೆಗೆ ಪೂರ್ತಿ ತಿರುಗಿ, "ಯಾಕಯ್ಯ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ? ಮೂರನೇ ಅಳಿಯ ಮತ್ತೆ ಜಗಳಕ್ಕೆ ಬಂದ್ನಾ?" ಅಂದೆ. ಆ ಮಾತು ಮುಗಿಯೋಕೆ ಮುಂಚೆ ಬಂಡೆಯಿಂದ ಹಿಂದಿರುಗಿದ ಅಲೆ ಅಡ್ಡಕ್ಕೆ ಬಡೀತು. ಕಯಾಕ್ ಗಿರ್ರನೆ ತಿರುಗಿತು. ಎರಡು ಕೈಯಲ್ಲೂ ಕಯಾಕಿನ ಅಂಚು ಹಿಡ್ಕೊಂಡೆ. ಬೀಳಲಿಲ್ಲ. ಆದರೆ ಸೆಲ್ವಿಯ ಹುಟ್ಟು ಕೈ ಬಿಟ್ಟುಹೋಗಿತ್ತು, ಹತ್ತು ಮಾರು ದೂರದಲ್ಲಿ ತೇಲ್ತಿತ್ತು.

ಆಗ ಗಾಳಿಯೂ ಎದ್ದಿತು. ಬೆನ್ನ ಮೇಲೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗೆ. ದಡ ಕಲ್ಲೆಸೆತದಿಂದ ಎರಡು ಕಲ್ಲೆಸೆತ ಆಯ್ತು, ಮೂರಾಯ್ತು.

ಹಿಂದಕ್ಕೆ ಕೈ ಹಾಕಿ ನನ್ನ ಹುಟ್ಟು ಬಿಚ್ಚಿದೆ. ಹೆಬ್ಬೆರಳು ತಗ್ಗಿಗೆ ಕೂತಿತು. ಹಲ್ಲು ಕಚ್ಚಿ, ತುಟಿ ಬಿಗಿದು, ಬಲಕ್ಕೆ ಮೂರು ಸಲ ಎಳೆದೆ, ಎಡಕ್ಕೆ ಮೂರು ಸಲ. ಮೂತಿ ದಡದ ಕಡೆ ತಿರುಗಿತು. ಎದುರು ಗಾಳಿ ಒಂದು ಮಾರು ತಳ್ಳಿದರೆ ನಾನು ಎರಡು ಮಾರು ಎಳೆದೆ. ಮಳೆಗಾಲದ ಹೊಳೆಯಲ್ಲೂ ಹೀಗೇ ತಾನೆ. ತೋಳು ನೋವು ಬಂತು, ನಿಲ್ಲಿಸಲಿಲ್ಲ. ಮತ್ತೆ ದಡ ಕಲ್ಲೆಸೆತಕ್ಕೆ ಬಂತು.

ಅಷ್ಟು ಹೊತ್ತಿಗೆ ರಾಸಯ್ಯನ ದೋಣಿ ಪಕ್ಕಕ್ಕೆ ಬಂತು. ತೇಲ್ತಿದ್ದ ಹುಟ್ಟನ್ನು ಎತ್ತಿಕೊಂಡು ಬಂದಿದ್ದ. ನನ್ನ ಮಡಿಲಿಗೆ ಅಡ್ಡ ಇಟ್ಟ. ಆಗಲೂ ಒಂದು ಮಾತಿಲ್ಲ. ಒಂದು ಕೆನ್ನೆ ಉಬ್ಬಿತ್ತು.

ಆಚೆ ದಂಡೆ

ಮರಳಿಗೆ ಮೂತಿ ತಗುಲಿದ ಕೂಡಲೆ ಶೋಭ ಸೊಂಟದುದ್ದ ನೀರಿಗೆ ಓಡಿ ಬಂದಳು. ಅಳ್ತಾನೂ ಇದ್ದಳು, ಫೋಟೊನೂ ತೆಗೀತಿದ್ದಳು.

"ಬೀಳಲಿಲ್ಲ ನೋಡ್ದಾ?" ಅಂದೆ.

"ನೋಡ್ದೆ ಕಣಜ್ಜಿ! ಕೈಗೇನಾಗದೆ ನಿಂಗೆ, ಕಬ್ಬಿಣ!"

ರಾಸಯ್ಯನೂ ದೋಣಿ ಎಳೆದು ಹಾಕಿದ. ಎರಡು ಕಾಲು ಮರಳ ಮೇಲೆ ಇಟ್ಟದ್ದೇ ತಡ, ಬಾಯಿ ಬಿಟ್ಟ. "ಆಚ್ಚಿ, ನಿಮಗೆ ಕೋಪ ಬಂದಿದೆ ಅಂತ ಗೊತ್ತು. ನೀರ ಮೇಲೆ ನಾನು ಮಾತಾಡಲ್ಲ. ನೀರಿಗಿಳಿಯೋ ಮುಂಚೆ ಒಂದು ತುಂಡು ತಾಳೆಬೆಲ್ಲ ಕೆನ್ನೆಗೆ ಇಟ್ಟುಕೊಳ್ತೀನಿ. ನಾನು ಚಿಕ್ಕವನಿದ್ದಾಗಿಂದ ನಮ್ಮಪ್ಪ ಮಾಡಿಸಿದ್ದು. ನನ್ನ ಬಾಯಿ ಎಂಥದ್ದು ಅಂತ ಅವನಿಗೆ ಗೊತ್ತಿತ್ತು. ಮಾತಾಡೋನು ಕೇಳೋನ ಕಡೆ ತಿರುಗ್ತಾನೆ. ಅವನು ತಿರುಗಿದರೆ ದೋಣಿನೂ ತಿರುಗುತ್ತೆ. ಬಾಯಲ್ಲಿ ಬೆಲ್ಲ ಇದ್ದರೆ ತಿರುಗೋ ಹಾಗೇ ಇಲ್ಲ."

ನಾನು ಮರಳ ಮೇಲೆ ಕೂತುಬಿಟ್ಟೆ.

ಐವತ್ತು ವರ್ಷ ನನ್ನ ಬಾಯಿ ತುಂಬ ಎಲೆ ಅಡಿಕೆ. ಹೊಳೆಗೆ ಉಗಿಯೋ ಹಾಗಿಲ್ಲ, ಅದು ಗಂಗಮ್ಮ. ದಡ ಮುಟ್ಟೋವರೆಗೂ ತುಟಿ ಬಿಚ್ಚಿದವಳಲ್ಲ. ಹೋದ ವರ್ಷ ಯುಗಾದಿಗೆ ಶೋಭ ಅದನ್ನೆಲ್ಲ ಬಿಡಿಸಿದಳು. ಮುಂದಿನ ತಿಂಗಳೇ ಮೇಕೆ ಬಿತ್ತು. ಆವತ್ತು ನಾನು ಚಿಕ್ಕತಾಯಮ್ಮನ ಕಡೆ ಪೂರ್ತಿ ತಿರುಗಿ, ಅವಳ ಸೊಸೆ ತವರಿಗೆ ಹೋದ ಕತೆ ಕೇಳ್ತಿದ್ದೆ. ಕೇಳ್ತಿದ್ದೆ ಏನು, ನಾನೇ ಹೇಳ್ತಿದ್ದೆ. ಅದಕ್ಕೆ ಮುಂಚೆ ಸುತ್ತಿದ ಎರಡು ಸಲವೂ ಹಾಗೇ, ಬಾಯಿ ನಡೀತಿತ್ತು.

"ಲೇ ಶೋಭ," ಅಂದೆ, "ಮೇಕೆ ಬೀಳಿಸಿದ್ದು ನೀನೇ ಕಣೆ!"

ವಿಷಯ ಹೇಳಿದಮೇಲೆ ಅವಳು ನಕ್ಕು ನಕ್ಕು ಮರಳ ಮೇಲೆ ಬಿದ್ದಳು. ಸೆಲ್ವಿಗೆ ತಮಿಳಲ್ಲಿ ಮತ್ತೆ ಹೇಳಬೇಕಾಯ್ತು. ರಾಸಯ್ಯ ಮಾತ್ರ ನಗಲಿಲ್ಲ. ಮಡಿಲಿಂದ ಓಲೆ ಪೊಟ್ಟಣ ತೆಗೆದು, ಒಂದು ತುಂಡು ಬೆಲ್ಲ ನನಗೆ ಕೊಟ್ಟ. ನಾನು ಅದನ್ನು ಸೊಂಟದ ಬರಿ ಚೀಲಕ್ಕೆ ಹಾಕಿಕೊಂಡೆ.

ಊರು

ಬಾಗಿಲಲ್ಲೇ ಮಾದೇವ ಕೇಳಿದ. "ಬಿದ್ದೇನವ್ವ?"

"ಒಬ್ಬಳೇ ಓದಾಗ ಬೀಳಲಿಲ್ಲ. ಉಟ್ಟು ಒಂದು ಕೈ ಬಿಡ್ತು. ನಂದಲ್ಲ, ಅವರದು." ಮುಚ್ಚಿಟ್ಟರೆ ಹುಟ್ಟು ಸಿಕ್ಕಿಬಿಡ್ತಿತ್ತು. ಆದರೆ ಮುಂದೆ ಯಾವತ್ತೋ ಮತ್ತೆ ಯಾರದೋ ಮೇಕೆ ಬೀಳುತ್ತೆ, ಮೇಕೆ ಬದಲು ಮಗು ಬಿದ್ದರೆ? ಎಲ್ಲ ಹೇಳಿದೆ. "ಕೈ ಓಗಿರಲಿಲ್ಲ ಕಣ್ಲಾ. ಬಾಯಿ ಜಾಸ್ತಿ ಆಗಿತ್ತು."

ಮಾದೇವ ತಲೆ ಕೆರ್ಕೊಂಡ. "ಅದು ಎಲ್ಲಾರ್ಗೂ ಗೊತ್ತಿತ್ತು ಕಣವ್ವ, ಏಳೋಕೆ ದೈರ್ಯ ಇರಲಿಲ್ಲ," ಅಂದ. ಆಮೇಲೆ, "ಬಾ, ನೋಡೇ ಬುಡುವ. ಅದೇ ಚಿಕ್ಕತಾಯತ್ತೆ, ಅದೇ ಮೇಕೆ."

ಚಿಕ್ಕತಾಯಮ್ಮನನ್ನು ತೆಪ್ಪಕ್ಕೆ ಹತ್ತಿಸೋದು ಸಮುದ್ರಕ್ಕಿಂತ ಕಷ್ಟ ಆಯ್ತು. ಮೇಕೆ ತಾನಾಗಿ ಹತ್ತಿತು. ನಮ್ಮ ಕಡೆ ಆಲೆಮನೆ ಬೆಲ್ಲಕ್ಕೇನು ಬರ, ಗೋಲಿ ಗಾತ್ರದ ತುಂಡು ಕೆನ್ನೆಗೆ ಇಟ್ಟುಕೊಂಡೆ. ಶೋಭ ದಡದಿಂದ "ಶುಗರ್ ನೋಡ್ಕೊ ಅಜ್ಜಿ!" ಅಂದಳು. ಉತ್ತರ ಕೊಡಲಿಲ್ಲ. ಮುಂದಿನ ಅಂಚಿಗೆ ಮಂಡಿಯೂರಿ ಹುಟ್ಟು ಹಾಕಿದೆ.

"ಅತ್ತಿಗಮ್ಮ, ಲಂಕೇಲಿ ರಾವಣ ಸಿಕ್ಕುದ್ನಾ?" ಅಂದಳು ಚಿಕ್ಕತಾಯಮ್ಮ.

ಇದಕ್ಕೆ ನನ್ನ ಹತ್ತಿರ ಮೂರು ಉತ್ತರ ಇದ್ದವು. ಮೂರೂ ಒಳ್ಳೆಯವು. ಬೆಲ್ಲ ಒತ್ತಿಕೊಂಡೆ.

"ಸಿಕ್ಕಿದ್ರೂ ನಿನ್ನ ನೋಡಿ ಓಡ್ಬುಟ್ಟಿರ್ತಾನೆ ಬುಡು," ಅಂತ ಅವಳೇ ಮುಂದುವರಿಸಿದಳು.

ಹುಟ್ಟು ಎಳೆದೆ. ತೆಪ್ಪ ನೇರ ಹೋಗ್ತಿತ್ತು.

ನಡುಹೊಳೆ ಬಂತು. ಚಿಕ್ಕತಾಯಮ್ಮ ಮೇಕೆ ಹಗ್ಗ ಬಿಗಿಯಾಗಿ ಹಿಡ್ಕೊಂಡಳು. "ಅತ್ತಿಗಮ್ಮ? ಯಾಕ್ ಮಾತಾಡ್ತಿಲ್ಲ? ಅತ್ತಿಗಮ್ಮೋ! ಲೇ ಮಾದೇವಾ, ನಿಮ್ಮವ್ವಂಗೆ ಲಕ್ವ ಒಡ್ದದೆ ಕಣ್ಲಾ! ಬಾಯಿ ಬಿದ್ದೋಗದೆ! ಬಾರ್ಲಾ!" ಈಚೆ ದಡದಲ್ಲಿ ಮಾದೇವ ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ಮೇಕೆ ನೆಮ್ಮದಿಯಾಗಿ ಮೆಲುಕು ಹಾಕ್ತಿತ್ತು.

ತೆಪ್ಪದ ಅಂಚು ಗಡ್ಡೆಯ ಗರಸಿಗೆ ತಗುಲೋ ಹೊತ್ತಿಗೆ ಬೆಲ್ಲದ ಕೊನೆ ಚೂರು ಕರಗಿತು. ನಮ್ಮ ಹೊಳೆಯ ಅಗಲ ಒಂದು ತುಂಡು ಬೆಲ್ಲ, ಸರಿಯಾಗಿ. ಹುಟ್ಟು ಕೆಳಗಿಟ್ಟು ಚಿಕ್ಕತಾಯಮ್ಮನ ಕಡೆ ಪೂರ್ತಿ ತಿರುಗಿದೆ.

"ರಾವಣ ಸಿಗಲಿಲ್ಲ ಕಣವ್ವ, ಕೂತ್ಕೊ ಏಳ್ತೀನಿ," ಅಂತ ಶುರು ಮಾಡಿದೆ. ನಾನು ಇನ್ನೂ ಬಸ್ಸಿನ ಸ್ವಾಮಿಗಳ ಹತ್ತಿರ ಇರೋವಾಗಲೇ ಮೇಕೆ ಹೊಟ್ಟೆ ತುಂಬ ಮೇದು ವಾಪಸ್ ಬಂತು.

ಹುಟ್ಟು ಈಗ ತೆಪ್ಪದಲ್ಲೇ ಇರುತ್ತೆ. ಗೋಡೆಯ ಮೊಳೆಯನ್ನ ಕೀಳಬೇಡ ಅಂತ ಮಾದೇವನಿಗೆ ಹೇಳಿದ್ದೀನಿ. ಅದಕ್ಕೆ ಬೆಲ್ಲದ ಚೀಲ ನೇತು ಹಾಕಿದ್ದೀನಿ.